ಅಪಲಾಚಿಯನ್ ಹಾದಿಯ ಮೊದಲ ಐವತ್ತು ಕಿಲೋಮೀಟರ್

ಅಮೆರಿಕದ ಅಪಲಾಚಿಯನ್ ಹಾದಿಯ ಮಾತು ಬಂದಾಗಲೆಲ್ಲ ಮೊದಲು ಕೇಳುವ ಪ್ರಶ್ನೆ ಕರಡಿಯದ್ದು, ಎರಡನೆಯದು ಹಾವಿನದ್ದು. ಎರಡಕ್ಕೂ ಉತ್ತರವಿದೆ, ಆಮೇಲೆ ಬರೋಣ. ಜಾರ್ಜಿಯಾದಲ್ಲಿ ನಡಿಗೆ ಶುರು ಮಾಡಿ ವಾರದೊಳಗೆ ಊರಿಗೆ ಹಿಂತಿರುಗುವವರನ್ನು ನೋಡಿದರೆ, ಅವರನ್ನು ಓಡಿಸಿದ್ದು ಹಿಮ್ಮಡಿಯ ಬೊಬ್ಬೆ, ಮಂಡಿನೋವು, ಒದ್ದೆಯಾದ ಸ್ಲೀಪಿಂಗ್ ಬ್ಯಾಗು, ಕೆಟ್ಟ ಹೊಟ್ಟೆ. ಇವುಗಳಲ್ಲಿ ಮುಕ್ಕಾಲು ಪಾಲು ಕಾಡಿಗೆ ಕಾಲಿಡುವ ಮೊದಲೇ, ಅಂಗಡಿಯಲ್ಲಿ ಶೂ ಕೊಳ್ಳುವಾಗ, ಮನೆಯಲ್ಲಿ ಚೀಲ ತುಂಬುವಾಗ ತೀರ್ಮಾನವಾಗಿಬಿಟ್ಟಿರುತ್ತವೆ. ಅದಕ್ಕೇ ಇವತ್ತು ಹೆಚ್ಚು ಹೊತ್ತು ಚೀಲ, ಪಾದ, ಮಳೆ, ನೀರು, ಇವುಗಳ ಬಗ್ಗೆಯೇ ಮಾತಾಡುತ್ತೇನೆ. ಬೆಟ್ಟದ ನೋಟಗಳ ವರ್ಣನೆ ನನ್ನಿಂದ ಸಿಗುವುದಿಲ್ಲ.

ಹಾದಿಯ ಅಳತೆ ಮೊದಲು ತಿಳಿದಿರಲಿ. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ ಸುಮಾರು 3,500 ಕಿಲೋಮೀಟರ್, 14 ರಾಜ್ಯಗಳು. 1921ರಲ್ಲಿ ಬೆಂಟನ್ ಮೆಕಾಯ್ ಇಂಥದ್ದೊಂದು ಹಾದಿ ಬೇಕೆಂದು ಬರೆದರು, 1937ಕ್ಕೆ ಅದು ಆ ತುದಿಯಿಂದ ಈ ತುದಿಗೆ ಕೂಡಿಕೊಂಡಿತು. ಒಂದೇ ಉಸಿರಿಗೆ ಪೂರ್ತಿ ನಡೆಯುವವರಿಗೆ ಐದರಿಂದ ಏಳು ತಿಂಗಳು ಬೇಕು. ಹಾಗೆ ಹೊರಟವರಲ್ಲಿ ಮುಗಿಸುವವರು ಸುಮಾರು ನಾಲ್ಕರಲ್ಲಿ ಒಬ್ಬರು.

ನಿಮ್ಮಲ್ಲಿ ಕುಮಾರ ಪರ್ವತ ಹತ್ತಿದವರು ಬಹಳ ಜನ ಇದ್ದೀರಿ. ಅದು ಸುಲಭದ ಏರಲ್ಲ. ಕುಕ್ಕೆಯ ಕಡೆಯಿಂದ ಹತ್ತಿದವರ ತೊಡೆಗಳಿಗೆ ಅದು ಚೆನ್ನಾಗಿ ಗೊತ್ತು. ಆದರೆ ಅದು ಎರಡು ದಿನದ ಕೆಲಸ. ಗಿರಿಗದ್ದೆಯಲ್ಲಿ ಭಟ್ಟರ ಮನೆಯ ಅನ್ನ-ಸಾರು ಸಿಗುತ್ತದೆ, ಮೂರನೆಯ ದಿನ ಮನೆಯಲ್ಲಿ ಕಾಲು ಚಾಚಿ ಮಲಗಬಹುದು. ಎರಡು ದಿನದ ಚಾರಣದಲ್ಲಿ ತಪ್ಪುಗಳನ್ನು ಮೈ ನುಂಗಿಕೊಳ್ಳುತ್ತದೆ. ಮೂರನೆಯ ದಿನವೂ ನಡೆಯಬೇಕು, ನಾಲ್ಕನೆಯ ದಿನವೂ ನಡೆಯಬೇಕು ಎಂದಾಗ ಅದೇ ಚಿಕ್ಕ ತಪ್ಪು ದಿನದಿನಕ್ಕೆ ಬೆಳೆಯುತ್ತದೆ. ಅನುಭವಿ ಎಂದುಕೊಂಡು ಬಂದವರು ಎಡವುವುದು ಇಲ್ಲೇ.

ಸ್ಪ್ರಿಂಗರ್ ಬೆಟ್ಟದ ತುದಿಗೆ ಟಾರು ರಸ್ತೆಯಿಲ್ಲ. ಒಂದೋ ಕಾಡಿನ ಮಣ್ಣುರಸ್ತೆಯಲ್ಲಿ ಹೋಗಿ ಒಂದು ಮೈಲಿ ಹಿಂದಕ್ಕೆ ನಡೆದು ತುದಿ ಮುಟ್ಟಬೇಕು, ಇಲ್ಲವೇ ಅಮಿಕಲೋಲಾ ಜಲಪಾತದ ಬುಡದಿಂದ ಸುಮಾರು 14 ಕಿಲೋಮೀಟರ್ ಹತ್ತಬೇಕು. ಈ 14 ಕಿಲೋಮೀಟರ್ ಮುಖ್ಯ ಹಾದಿಯ ಲೆಕ್ಕಕ್ಕೇ ಸೇರುವುದಿಲ್ಲ. ಜಲಪಾತದ ಪಕ್ಕದಲ್ಲಿ 604 ಮೆಟ್ಟಿಲುಗಳಿವೆ. ಇಪ್ಪತ್ತು ಕಿಲೋ ಹೊತ್ತು, ಫೋಟೋ ಹಿಡಿಸಿಕೊಂಡು, ಉತ್ಸಾಹದಲ್ಲಿ ಮೆಟ್ಟಿಲು ಹತ್ತಿದವರ ಮಂಡಿ ಲೆಕ್ಕದ ಮೊದಲ ಹೆಜ್ಜೆಗೂ ಮುಂಚೆಯೇ ಗುರುಗುಟ್ಟಲು ಶುರುಮಾಡಿರುತ್ತದೆ. ಹೊಸಬರು ಮಣ್ಣುರಸ್ತೆಯ ದಾರಿ ಹಿಡಿಯುವುದೇ ಮೇಲು. ಮೆಟ್ಟಿಲುಗಳನ್ನು ಇನ್ನೊಂದು ದಿನ ಬರಿಗೈಯಲ್ಲಿ ಹೋಗಿ ನೋಡಿಕೊಂಡು ಬನ್ನಿ.

ಸ್ಪ್ರಿಂಗರ್ ತುದಿಯಿಂದ ಸುಮಾರು 50 ಕಿಲೋಮೀಟರಿಗೆ ನೀಲ್ ಗ್ಯಾಪ್ ಎಂಬ ಕಣಿವೆ. ಟಾರು ರಸ್ತೆ, ರಸ್ತೆ ಬದಿಯಲ್ಲಿ ಕಲ್ಲುಕಟ್ಟಡ, ಅದರೊಳಗೆ ಚಾರಣದ ಸಾಮಾನಿನ ಅಂಗಡಿ. ಹಾದಿ ಆ ಕಟ್ಟಡದ ಕಮಾನಿನ ಅಡಿಯಿಂದಲೇ ಹಾಯುತ್ತದೆ. ಅಂಗಡಿಯ ಮುಂದಿನ ಮರದಲ್ಲಿ ನೂರಾರು ಹಳೇ ಬೂಟುಗಳು ನೇತಾಡುತ್ತಿರುತ್ತವೆ. ಅಂಗಡಿಯವರು ಕೇಳಿದವರ ಚೀಲ ಬಿಚ್ಚಿಸಿ, ಒಂದೊಂದೇ ವಸ್ತು ನೆಲದ ಮೇಲೆ ಹರಡಿ, "ಇದು ಯಾಕೆ?" ಎಂದು ಕೇಳುತ್ತಾರೆ. ಬೇಡವಾದದ್ದನ್ನು ಡಬ್ಬಕ್ಕೆ ತುಂಬಿ ಪೋಸ್ಟಿನಲ್ಲಿ ಮನೆಗೆ ಕಳಿಸುವುದು ಅಲ್ಲಿ ದಿನನಿತ್ಯದ ಕೆಲಸ. ಕೊಡಲಿ, ಎರಡನೇ ಜೊತೆ ಜೀನ್ಸ್, ದಪ್ಪ ಪುಸ್ತಕ, ಕಬ್ಬಿಣದ ಬಾಣಲೆ, ಎಲ್ಲ ಹಾಗೇ ವಾಪಸ್ ಹೋಗುತ್ತವೆ. ಈ ಕೆಲಸವನ್ನು ನೀವು ಮನೆಯ ಪಡಸಾಲೆಯಲ್ಲೇ ಮಾಡಿ ಮುಗಿಸಿದರೆ ಐವತ್ತು ಕಿಲೋಮೀಟರ್ ಹೊರುವುದು ತಪ್ಪುತ್ತದೆ.

ಲೆಕ್ಕ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ. ಚೀಲದ ಒಟ್ಟು ತೂಕ ಮೈತೂಕದ ಐದನೇ ಒಂದು ಭಾಗ ಮೀರಬಾರದು. 70 ಕಿಲೋ ಮನುಷ್ಯನಿಗೆ 14 ಕಿಲೋ. ಖಾಲಿ ಚೀಲ 1.2 ಕಿಲೋ, ಟೆಂಟ್ 1.2, ಸ್ಲೀಪಿಂಗ್ ಬ್ಯಾಗ್ 1.1, ಕೆಳಗೆ ಹಾಸುವ ಮ್ಯಾಟ್ ಅರ್ಧ ಕಿಲೋ: ಇಲ್ಲಿಗೆ ನಾಲ್ಕು. ಬದಲಿ ಬಟ್ಟೆ, ಮಳೆಕೋಟು, ಸ್ವೆಟರ್ ಸೇರಿ ಎರಡು. ಊಟ ಇಡುವ, ಕರಡಿ ತೆರೆಯಲಾಗದ ಗಟ್ಟಿ ಡಬ್ಬ ಒಂದು ಕಿಲೋ. ಒಲೆ, ಪಾತ್ರೆ, ಗ್ಯಾಸು, ಫಿಲ್ಟರು, ಔಷಧಿ, ತಲೆದೀಪ, ಪವರ್ ಬ್ಯಾಂಕ್ ಎಲ್ಲ ಸೇರಿ ಒಂದೂವರೆ. ಅಲ್ಲಿಗೆ ಎಂಟೂವರೆ ಕಿಲೋ. ನಾಲ್ಕು ದಿನದ ಊಟ, ದಿನಕ್ಕೆ 800 ಗ್ರಾಂನಂತೆ, ಮೂರು ಕಿಲೋ ಇನ್ನೂರು ಗ್ರಾಂ. ಎರಡು ಲೀಟರ್ ನೀರು ಎರಡು ಕಿಲೋ. ಕೂಡಿಸಿ ನೋಡಿ, 13.7. ಅಂದರೆ ಉಳಿದದ್ದು 300 ಗ್ರಾಂ. ಅಷ್ಟರಲ್ಲಿ ನಿಮ್ಮ ಕ್ಯಾಮೆರಾ ಹಿಡಿಸುತ್ತದೆಯೇ ಎಂದು ನೀವೇ ಹೇಳಿ. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ಬರೆದಿಟ್ಟುಕೊಳ್ಳದೆ ಯಾರ ಚೀಲವೂ ಹಗುರಾಗಿದ್ದಿಲ್ಲ.

ತುಂಬುವ ಕ್ರಮಕ್ಕೂ ಬೆಲೆಯಿದೆ. ಸ್ಲೀಪಿಂಗ್ ಬ್ಯಾಗ್ ತಳಕ್ಕೆ. ಭಾರದ್ದು, ಅಂದರೆ ಊಟದ ಡಬ್ಬ, ಬೆನ್ನಿಗೆ ಅಂಟಿದಂತೆ ನಡುವೆ. ಮಳೆಕೋಟು, ತಿಂಡಿ, ಫಿಲ್ಟರು ಕೈಗೆ ಸಿಗುವಂತೆ ಮೇಲೆ. ಭಾರ ಬೆನ್ನಿನಿಂದ ದೂರ ಹೋದಷ್ಟೂ ಚೀಲ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು. ಅದನ್ನು ಮೊದಲು ಬಿಗಿದು, ಆಮೇಲೆ ಭುಜದ ಪಟ್ಟಿ ಎಳೆಯಿರಿ. ಭುಜ ನೋಯುತ್ತಿದ್ದರೆ ಸೊಂಟದ ಪಟ್ಟಿ ಜಾರಿದೆ ಎಂದೇ ಅರ್ಥ.

ಇಲ್ಲಿ ಯಾರಾದರೊಬ್ಬರು ಎಮ್ಮಾ ಗೇಟ್‌ವುಡ್ ಹೆಸರು ತೆಗೆದೇ ತೆಗೆಯುತ್ತಾರೆ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಕ್ಯಾನ್ವಾಸ್ ಶೂ ಹಾಕಿಕೊಂಡು, ತಾವೇ ಹೊಲಿದ ಬಟ್ಟೆಚೀಲ ಹೆಗಲಿಗೇರಿಸಿ, ಮಳೆಗೆ ಬಾತ್‌ರೂಮಿನ ಪ್ಲಾಸ್ಟಿಕ್ ಪರದೆ ಹೊದ್ದು ಪೂರ್ತಿ ಹಾದಿ ನಡೆದ ಅಜ್ಜಿ. ನಿಜ. ಆದರೆ ಅದಕ್ಕೆ ಹಿಂದಿನ ವರ್ಷ ಮೇನ್ ಕಡೆಯಿಂದ ಹೊರಟು, ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು, ವಾಪಸ್ ಬಂದಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ. ಮರುವರ್ಷ ದಿಕ್ಕು ಬದಲಿಸಿ ದಕ್ಷಿಣದಿಂದ ಶುರುಮಾಡಿದರು. ಹೊಲ-ಮನೆಯ ಕೆಲಸದಲ್ಲಿ ಜೀವಮಾನವೆಲ್ಲ ಗಟ್ಟಿಯಾದ ಮೈ ಅದು. ಕಂಪ್ಯೂಟರ್ ಮುಂದೆ ಕೂತ ಮೈಗೆ ಕ್ಯಾನ್ವಾಸ್ ಶೂ ಸಾಕು ಎಂದು ಅವರ ಹೆಸರು ಹೇಳಿ ವಾದಿಸಬೇಡಿ. ಅವರಿಂದ ಕಲಿಯಬೇಕಾದ್ದು ಚೀಲದ ಹಗುರವನ್ನು.

ಈಗ ಪಾದ. ದಿನಗಟ್ಟಲೆ ನಡೆದರೆ ಪಾದ ಊದುತ್ತದೆ. ಅದಕ್ಕೆ ಶೂ ಕೊಳ್ಳುವುದು ಸಂಜೆ ಹೊತ್ತು, ನಡೆಯುವಾಗ ಹಾಕುವ ಕಾಲ್ಚೀಲವನ್ನೇ ಹಾಕಿಕೊಂಡು, ಅರ್ಧದಿಂದ ಒಂದು ಸೈಜ್ ದೊಡ್ಡದು. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಬೆರಳು ಶೂ ಮೂತಿಗೆ ಬಡಿದು ಬಡಿದು ಉಗುರು ಕಪ್ಪಾಗಿ ಬಿದ್ದುಹೋಗುತ್ತದೆ. ನೀರು ಒಳಗೆ ಹೋಗದ ಬೂಟು ಒಳ್ಳೆಯದಲ್ಲವೇ ಎಂದು ಕೇಳುತ್ತಾರೆ. ಒಂದು ದಿನದ ನಡಿಗೆಗೆ ಒಳ್ಳೆಯದು. ಇಲ್ಲಿ ನೀರು ಮೇಲಿನಿಂದ, ಕಾಲಿನ ಗುಂಟ ಇಳಿದು ಒಳಗೆ ಹೋಗುತ್ತದೆ, ಆಮೇಲೆ ಮೂರು ದಿನ ಹೊರಬರುವುದಿಲ್ಲ. ಟ್ರೇಲ್ ರನ್ನರ್ ಎಂಬ ಜಾಲರಿಯ ಹಗುರ ಶೂ ಬೇಗ ನೆನೆಯುತ್ತದೆ, ಬೇಗ ಒಣಗುತ್ತದೆ. 500ರಿಂದ 800 ಕಿಲೋಮೀಟರಿಗೆ ಅದು ಸವೆದುಹೋಗುತ್ತದೆ. ಪೂರ್ತಿ ಹಾದಿಗೆ ಐದರಿಂದ ಏಳು ಜೊತೆ ಎಂದು ಖರ್ಚಿನಲ್ಲಿ ಸೇರಿಸಿಕೊಳ್ಳಿ. ಪೆನ್ಸಿಲ್ವೇನಿಯಾದ ಕಲ್ಲುಗಳು ಅದಕ್ಕಿಂತಲೂ ಬೇಗ ತಿನ್ನಬಹುದು.

ಬೊಬ್ಬೆ ಏಳುವ ಮೊದಲು ಪಾದ ಸೂಚನೆ ಕೊಡುತ್ತದೆ. ಹಿಮ್ಮಡಿಯಲ್ಲೋ ಕಿರುಬೆರಳ ಪಕ್ಕದಲ್ಲೋ ಒಂದು ಕಡೆ ಬಿಸಿ ಬಿಸಿ ಅನ್ನಿಸುತ್ತದೆ. ಆಗ ನಿಲ್ಲಬೇಕು. ಮುಂದಿನ ನೀರಿನ ಜಾಗಕ್ಕೆ ಹೋಗಿ ನೋಡೋಣ ಎಂದರೆ ಅಷ್ಟರಲ್ಲಿ ಚರ್ಮ ಕಳಚಿರುತ್ತದೆ. ಶೂ ತೆಗೆದು, ಮರಳು ಕೊಡವಿ, ಪಾದ ಪೂರ್ತಿ ಒಣಗಿಸಿ, ಗಟ್ಟಿಯಾಗಿ ಅಂಟುವ ಕ್ರೀಡಾ ಟೇಪ್ ಹಚ್ಚಿ. ಟೇಪಿನ ಮೂಲೆಗಳನ್ನು ಕತ್ತರಿಯಿಂದ ಗುಂಡಗೆ ಮಾಡಿ, ಚೌಕ ಮೂಲೆ ಕಾಲ್ಚೀಲಕ್ಕೆ ಸಿಕ್ಕಿ ಎದ್ದುಬರುತ್ತದೆ. ಒದ್ದೆ ಚರ್ಮಕ್ಕೆ ಯಾವ ಟೇಪೂ ನಿಲ್ಲುವುದಿಲ್ಲ. ಬೊಬ್ಬೆ ಎದ್ದೇಬಿಟ್ಟಿದ್ದರೆ, ಸ್ಪಿರಿಟ್ ಹಚ್ಚಿದ ಸೂಜಿಯಿಂದ ಅದರ ಬುಡದಲ್ಲಿ ಎರಡು ಕಡೆ ಚುಚ್ಚಿ, ನೀರು ಒತ್ತಿ ತೆಗೆದು, ಮೇಲಿನ ಚರ್ಮವನ್ನು ಹಾಗೇ ಬಿಟ್ಟು ಮುಚ್ಚಿ. ಚರ್ಮ ಕಿತ್ತರೆ ಸೋಂಕಿಗೆ ಬಾಗಿಲು ತೆರೆದ ಹಾಗೆ. ಮಧ್ಯಾಹ್ನ ಕಾಲ್ಚೀಲ ಬದಲಿಸಿ, ಒದ್ದೆಯದನ್ನು ಚೀಲದ ಹೊರಗೆ ಪಿನ್ನು ಹಾಕಿ ಒಣಹಾಕಿ. ಮೂರು ಜೊತೆ ಉಣ್ಣೆಯ ಕಾಲ್ಚೀಲ ಸಾಕು, ಮೂರನೆಯದು ಮಲಗುವಾಗ ಮಾತ್ರ.

ವೇಗದ ವಿಷಯ. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಹೇಳಿದ ಲೆಕ್ಕ ಇನ್ನೂ ಬಳಕೆಯಲ್ಲಿದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹದಿನೈದು ಕಿಲೋಮೀಟರ್, 900 ಮೀಟರ್ ಏರು ಎಂದರೆ ನಾಲ್ಕೂವರೆ ಗಂಟೆ. ಇದು ಹಗುರ ಚೀಲದ, ಗಟ್ಟಿ ಕಾಲಿನವರ ಲೆಕ್ಕ. ಹೊಸಬರು ಅದಕ್ಕೆ ಅರ್ಧದಷ್ಟು ಕೂಡಿಸಿ, ಸುಮಾರು ಏಳು ಗಂಟೆ ಇಟ್ಟುಕೊಳ್ಳಿ. ಮೊದಲ ಹತ್ತು ದಿನ 13ರಿಂದ 16 ಕಿಲೋಮೀಟರ್, ಅದಕ್ಕಿಂತ ಹೆಚ್ಚು ಬೇಡ. ಮೂರನೆಯ ದಿನ ಉಸಿರು ಹಿಡಿತಕ್ಕೆ ಬಂದು, ಇನ್ನೂ ಐದಾರು ಮೈಲಿ ಹೊಡೆಯಬಲ್ಲೆ ಅನ್ನಿಸುತ್ತದೆ. ಹೃದಯ, ಶ್ವಾಸಕೋಶ, ಸ್ನಾಯು ಬೇಗ ಪಳಗುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರುಗಳು ಪಳಗಲು ವಾರಗಳೇ ಬೇಕು. ಆ ಅಂತರದಲ್ಲೇ ಮೊಣಕಾಲಿನ ಕೆಳಗಿನ ಮುಂಭಾಗ ಊದಿಕೊಳ್ಳುವುದು, ಹಿಮ್ಮಡಿಯ ನರ ಹಿಡಿದುಕೊಳ್ಳುವುದು. ಮಂಡಿ ಕೈಕೊಡುವುದು ಹೆಚ್ಚಾಗಿ ಇಳಿಯುವಾಗ. ಬ್ಲಡ್ ಮೌಂಟನ್ ತುದಿ 1,359 ಮೀಟರ್, ಅಲ್ಲಿಂದ ನೀಲ್ ಗ್ಯಾಪಿಗೆ ಕಲ್ಲುಬಂಡೆಗಳ ಮೇಲೆ 400 ಮೀಟರ್ ಇಳಿಜಾರು. ಇಳಿಯುವಾಗ ಊರುಗೋಲುಗಳನ್ನು ಐದು ಸೆಂಟಿಮೀಟರ್ ಉದ್ದ ಮಾಡಿಕೊಂಡು, ಕೋಲು ಮೊದಲು ಊರಿ, ಆಮೇಲೆ ಸಣ್ಣ ಹೆಜ್ಜೆ. ಶೂ ಲೇಸನ್ನು ಕಣಕಾಲಿನ ಹತ್ತಿರ ಬಿಗಿದುಕೊಳ್ಳಿ, ಪಾದ ಮುಂದಕ್ಕೆ ಜಾರದ ಹಾಗೆ.

ಜಾರ್ಜಿಯಾ ದಕ್ಷಿಣದ ರಾಜ್ಯ, ಬೆಚ್ಚಗಿರುತ್ತದೆ ಎಂದು ನಂಬಿ ಮಾರ್ಚಿನಲ್ಲಿ ಬರುವವರಿದ್ದಾರೆ. ಸಾವಿರ ಮೀಟರ್ ಎತ್ತರದಲ್ಲಿ ಮಾರ್ಚಿನ ರಾತ್ರಿ ನೀರು ಹೆಪ್ಪುಗಟ್ಟುತ್ತದೆ, ಏಪ್ರಿಲ್ ಬಂದರೂ ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ ಹಿಮ ಬೀಳುತ್ತದೆ. ಹಾದಿಯ ಅತಿ ಎತ್ತರದ ಜಾಗ ಕುವೋಹಿ, 2,025 ಮೀಟರ್, ಅಲ್ಲೇ ಇದೆ. ಸೊನ್ನೆಗಿಂತ ಏಳು ಡಿಗ್ರಿ ಕೆಳಗಿನವರೆಗೆ ಬೆಚ್ಚಗಿಡುವ ಹೊದಿಕೆ, ಆರ್-ಮೌಲ್ಯ (ನೆಲದ ಚಳಿ ತಡೆಯುವ ಅಳತೆ) ನಾಲ್ಕರ ಸುಮಾರಿನ ಮ್ಯಾಟ್ ಬೇಕು. ಮ್ಯಾಟ್ ತೆಳುವಾದರೆ ಮೇಲೆ ಎಷ್ಟು ಹೊದ್ದರೂ ನೆಲ ಶಾಖ ಹೀರುತ್ತದೆ. ವರ್ಜೀನಿಯಾದ ಮೌಂಟ್ ರಾಜರ್ಸ್ ದಾಟುವ ತನಕ ಚಳಿಯ ಬಟ್ಟೆ ಮನೆಗೆ ಕಳಿಸಬೇಡಿ ಎಂಬುದು ಹಾದಿಯವರೆಲ್ಲ ಹೇಳುವ ಮಾತು.

ಒಣ ಚಳಿಗಿಂತ ಐದು ಡಿಗ್ರಿಯ ಮಳೆ ಕೆಟ್ಟದ್ದು. ಹತ್ತಿಬಟ್ಟೆ ನೆನೆದರೆ ಮೈಗಂಟಿ ಶಾಖ ಎಳೆಯುತ್ತದೆ. ಬನಿಯನ್ನಿನಿಂದ ಹಿಡಿದು ಯಾವುದೂ ಹತ್ತಿಯದಿರಬಾರದು. ಮಳೆಕೋಟು ಹಾಕಿ ಏರು ಹತ್ತಿದರೆ ಒಳಗಿನಿಂದ ಬೆವರಿಗೆ ನೆನೆಯುತ್ತೀರಿ, ಅದೂ ಒದ್ದೆಯೇ. ಬೆಳಿಗ್ಗೆ ಸ್ವಲ್ಪ ಚಳಿಯಾಗುತ್ತಿರುವಾಗಲೇ ನಡೆಯಲು ಶುರುಮಾಡಿ, ಹತ್ತು ನಿಮಿಷಕ್ಕೆ ಮೈ ಕಾಯುತ್ತದೆ. ಚೀಲಕ್ಕೆ ಹೊರಗಿನಿಂದ ಹಾಕುವ ಹೊದಿಕೆಯನ್ನು ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಕಸದ ಚೀಲ ಹಾಕಿ, ಅದರೊಳಗೆ ಸ್ಲೀಪಿಂಗ್ ಬ್ಯಾಗ್ ಮತ್ತು ಮಲಗುವ ಬಟ್ಟೆ ಇಟ್ಟು, ಬಾಯಿ ತಿರುಚಿ ಮುಚ್ಚಿ. ಆ ಮಲಗುವ ಬಟ್ಟೆ ಹಾಕಿಕೊಂಡು ಎಂದೂ ನಡೆಯಬಾರದು. ಬೆಳಿಗ್ಗೆ ಮತ್ತೆ ಅದೇ ತಣ್ಣನೆಯ ಒದ್ದೆ ಅಂಗಿ ಹಾಕಿಕೊಳ್ಳುವುದು ಘೋರ ಹಿಂಸೆ. ಆದರೂ ಹಾಕಿಕೊಳ್ಳಬೇಕು. ಒಣ ಬಟ್ಟೆಯಲ್ಲಿ ಹೊರಟವನಿಗೆ ಸಂಜೆಗೆ ಒಣದು ಯಾವುದೂ ಉಳಿದಿರುವುದಿಲ್ಲ.

ಜೊತೆಯವರಲ್ಲಿ ಯಾರಾದರೂ ಜಿಪ್ ಎಳೆಯಲಾರದೆ ತಡವರಿಸಿದರೆ, ಕಾರಣವಿಲ್ಲದೆ ಸಿಡುಕಿದರೆ, ಸಮನೆಲದಲ್ಲಿ ಎಡವಿದರೆ, ಮಾತು ತೊದಲಿದರೆ, ಮೈಶಾಖ ಇಳಿಯುತ್ತಿದೆ. ಕೇಳಿದರೆ "ಏನಿಲ್ಲ, ಚೆನ್ನಾಗಿದ್ದೀನಿ" ಎಂದೇ ಹೇಳುತ್ತಾರೆ. ಕೇಳಬೇಡಿ. ಅಲ್ಲೇ ಟೆಂಟ್ ಹೊಡೆದು, ಒದ್ದೆ ಬಟ್ಟೆ ತೆಗೆಸಿ, ಒಣದು ಹಾಕಿಸಿ, ಮ್ಯಾಟಿನ ಮೇಲೆ ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿಸಿ. ಎಚ್ಚರವಿದ್ದರೆ ಸಕ್ಕರೆ ಹಾಕಿದ ಬಿಸಿ ಪಾನೀಯ ಕೊಡಿ. ಕೈಕಾಲು ತಿಕ್ಕಬೇಡಿ, ಮದ್ಯ ಬೇಡವೇ ಬೇಡ. ನಡುಗುತ್ತಿದ್ದವರ ನಡುಕ ತಾನಾಗಿ ನಿಂತುಹೋದರೆ ಸುಧಾರಿಸಿದರು ಅಂದುಕೊಳ್ಳಬಾರದು, ಆಗ ಸಹಾಯಕ್ಕೆ ಕರೆಯಬೇಕು.

ಹಾದಿಯುದ್ದಕ್ಕೂ 250ಕ್ಕೂ ಹೆಚ್ಚು ತಂಗುದಾಣಗಳಿವೆ, ಮೂರು ಗೋಡೆ, ಒಂದು ಸೂರು. ಮೊದಲು ಬಂದವರಿಗೆ ಜಾಗ. ಮಳೆಯ ಸಂಜೆ ತುಂಬಿರುತ್ತವೆ, ಹಾಗಾಗಿ ಟೆಂಟ್ ಇಲ್ಲದೆ ಹೋಗುವಂತಿಲ್ಲ. ಒಳಗೆ ಇಲಿಗಳು ಧಾರಾಳ. ರಾತ್ರಿ ಖಾಲಿ ಚೀಲದ ಜಿಪ್ಪುಗಳನ್ನೆಲ್ಲ ತೆರೆದಿಟ್ಟುಬಿಡಿ, ಇಲಿ ಒಳಗೆ ಹೋಗಿ ನೋಡಿ ಹೊರಗೆ ಬರುತ್ತದೆ. ಮುಚ್ಚಿಟ್ಟರೆ ಕಡಿದು ದಾರಿ ಮಾಡಿಕೊಳ್ಳುತ್ತದೆ.

ನೀರು ಸಾಕಷ್ಟು ಸಿಗುತ್ತದೆ, ಶುದ್ಧ ಮಾಡದೆ ಕುಡಿಯಬಾರದು ಅಷ್ಟೆ. ತೊರೆ ಎಷ್ಟೇ ತಿಳಿಯಾಗಿರಲಿ, ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಕಣ್ಣಿಗೆ ಕಾಣುವುದಿಲ್ಲ. ಹೊಟ್ಟೆ ಕೆಡುವುದು ಒಂದೆರಡು ವಾರದ ಮೇಲೆ, ಅಷ್ಟರಲ್ಲಿ ಯಾವ ತೊರೆಯ ನೀರು ಎಂಬುದೇ ಮರೆತಿರುತ್ತದೆ. ಹಿಂಡುವ ಫಿಲ್ಟರಿನೊಳಗೆ ತೆಳುವಾದ ಟೊಳ್ಳು ಎಳೆಗಳಿರುತ್ತವೆ. ಒಮ್ಮೆ ನೀರು ಹರಿದ ಮೇಲೆ ಆ ಫಿಲ್ಟರು ಹೆಪ್ಪುಗಟ್ಟಿದರೆ ಎಳೆಗಳು ಸೀಳುತ್ತವೆ. ನೀರು ಮೊದಲಿಗಿಂತ ಸಲೀಸಾಗಿಯೇ ಬರುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಆದರೆ ಅದು ಏನನ್ನೂ ತಡೆಯುತ್ತಿರುವುದಿಲ್ಲ. ಚಳಿಯ ರಾತ್ರಿ ಫಿಲ್ಟರನ್ನು ಜಿಪ್ ಚೀಲದಲ್ಲಿ ಹಾಕಿ ನಿಮ್ಮ ಜೊತೆಗೇ ಮಲಗಿಸಿಕೊಳ್ಳಿ. ಕುದಿಸುವುದಾದರೆ ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರ್ ಮೇಲೆ ಮೂರು ನಿಮಿಷ.

ಫಿಲ್ಟರು ವೈರಸ್ ತಡೆಯುವುದಿಲ್ಲ. ಈ ಹಾದಿಯಲ್ಲಿ ನೊರೋವೈರಸ್ ವಾಂತಿ-ಭೇದಿ ತಂಗುದಾಣದಿಂದ ತಂಗುದಾಣಕ್ಕೆ ಹಬ್ಬಿದ್ದು ಹಲವು ಸಲ ನಡೆದಿದೆ, ಮತ್ತು ಅದು ಹೆಚ್ಚಾಗಿ ಹಬ್ಬುವುದು ಕೈಯಿಂದ. ಸ್ಯಾನಿಟೈಸರ್ ಅದಕ್ಕೆ ಸಾಲದು, ಸೋಪು-ನೀರೇ ಬೇಕು. ಇನ್ನೊಬ್ಬರ ಪೊಟ್ಟಣಕ್ಕೆ ಕೈಹಾಕಿ ಕಡಲೆಬೀಜ ತೆಗೆಯುವುದು ಬೇಡ, ಅಂಗೈಗೆ ಸುರಿಸಿಕೊಳ್ಳಿ. ಶೌಚದ ವಿಷಯದಲ್ಲಿ ನಮ್ಮವರು ಸಂಕೋಚಪಟ್ಟು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ನೀರು, ಹಾದಿ, ಬಿಡಾರ ಮೂರರಿಂದಲೂ 60 ಮೀಟರ್ ದೂರ, ಸುಮಾರು ಎಂಬತ್ತು ಹೆಜ್ಜೆ. ಸಣ್ಣ ಸಲಿಕೆಯಿಂದ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ. ನೀರು ಬಳಸುವವರು ಅದಕ್ಕೆಂದೇ ಬೇರೆ ಬಾಟಲಿ ಇಟ್ಟುಕೊಂಡು, ತುಂಬಿಕೊಂಡು ದೂರ ಹೋಗಿ. ತೊರೆಯ ಪಕ್ಕದಲ್ಲಿ ಕೂರುವ ಅಭ್ಯಾಸ ಇಲ್ಲಿ ಸಲ್ಲದು, ಕೆಳಗೆ ಯಾರೋ ಬಾಟಲಿ ತುಂಬುತ್ತಿರುತ್ತಾರೆ. ಕಾಗದ ಬಳಸುವವರು ಅದನ್ನು ಚೀಲದಲ್ಲಿ ಕಟ್ಟಿಕೊಂಡು ಊರಿಗೆ ಒಯ್ಯಬೇಕು.

ಊಟದಲ್ಲಿ ನಮಗೆ ಅನುಕೂಲವೇ ಹೆಚ್ಚು. ತೆಳು ಅವಲಕ್ಕಿ ತಣ್ಣೀರಿನಲ್ಲೇ ನೆನೆಯುತ್ತದೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ಕಡಲೆಬೀಜ, ಚಿಕ್ಕಿ, ಹುರಿದ ರವೆಯ ಉಪ್ಪಿಟ್ಟು ಮಿಕ್ಸ್ ಎಲ್ಲವೂ ಹಗುರ. ದಿನಕ್ಕೆ 800 ಗ್ರಾಂನಲ್ಲಿ ಮೂರೂವರೆ ಸಾವಿರ ಕ್ಯಾಲೊರಿ ಬರಬೇಕಾದರೆ ಕೊಬ್ಬು ಸೇರಲೇಬೇಕು. ನೂರು ಗ್ರಾಂ ಅವಲಕ್ಕಿಯಲ್ಲಿ ಸುಮಾರು 350, ಕಡಲೆಬೀಜದಲ್ಲಿ 570, ತುಪ್ಪದಲ್ಲಿ 880ರ ಆಸುಪಾಸು. ಎಲ್ಲದಕ್ಕೂ ಎರಡು ಚಮಚ ತುಪ್ಪ ಬೀಳಲಿ. ಹಸಿ ಬೇಳೆ, ಅಕ್ಕಿ ಒಯ್ಯಬೇಡಿ. 1,800 ಮೀಟರ್ ಎತ್ತರದಲ್ಲಿ ನೀರು 94 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯುವಷ್ಟರಲ್ಲಿ ಗ್ಯಾಸು ಮುಗಿದಿರುತ್ತದೆ. 110 ಗ್ರಾಂ ಗ್ಯಾಸಿನಲ್ಲಿ ಅರ್ಧ ಲೀಟರ್ ನೀರನ್ನು ಹದಿಮೂರು-ಹದಿನಾಲ್ಕು ಸಲ ಕುದಿಸಬಹುದು, ಗಾಳಿಗೆ ಅಡ್ಡ ಕಟ್ಟಿದರೆ ಮಾತ್ರ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಇಳಿದ ಊರಿನಲ್ಲೇ ಕೊಳ್ಳಿ. ಮುಂದಿನ ಊರಿನ ಅಂಚೆ ಕಚೇರಿಗೆ ಊಟದ ಸಾಮಾನಿನ ಡಬ್ಬವನ್ನು ಮುಂಗಡವಾಗಿ ಕಳಿಸುವವರು ವಾರದ ದಿನ ನೋಡಿಕೊಳ್ಳಿ. ಶನಿವಾರ ಮಧ್ಯಾಹ್ನ ಹೋಗಿ ಮುಚ್ಚಿದ ಬಾಗಿಲು ನೋಡಿದರೆ ಸೋಮವಾರದ ತನಕ ಲಾಡ್ಜಿನ ಬಾಡಿಗೆ ತೆರಬೇಕು.

ಸರಿ, ಕರಡಿ. ಇಲ್ಲಿರುವುದು ಕಪ್ಪು ಕರಡಿ, ಅದಕ್ಕೆ ಬೇಕಾದ್ದು ನಿಮ್ಮ ಊಟ. ಕೊಂಬೆಗೆ ಊಟದ ಚೀಲ ಕಟ್ಟುವುದಾದರೆ ನೆಲದಿಂದ 3.6 ಮೀಟರ್ ಮೇಲೆ, ಕಾಂಡದಿಂದ 1.8 ಮೀಟರ್ ದೂರ ಇರಬೇಕು. ಕತ್ತಲಲ್ಲಿ, ಸುಸ್ತಾದ ಕೈಯಲ್ಲಿ ಯಾರೂ ಹಾಗೆ ಕಟ್ಟುವುದಿಲ್ಲ, ಕುತ್ತಿಗೆ ಎತ್ತರದಲ್ಲಿ ನೇತುಹಾಕಿ ಮಲಗುತ್ತಾರೆ. ಅದಕ್ಕೇ ಗಟ್ಟಿ ಡಬ್ಬ ಒಯ್ಯಿರಿ ಎನ್ನುವುದು. ಜಾರ್ಡ್ ಗ್ಯಾಪ್‌ನಿಂದ ನೀಲ್ ಗ್ಯಾಪ್‌ವರೆಗಿನ ತುಂಡಿನಲ್ಲಿ ಮಾರ್ಚ್ 1ರಿಂದ ಜೂನ್ 1ರವರೆಗೆ ರಾತ್ರಿ ತಂಗುವವರಿಗೆ ಡಬ್ಬ ಕಡ್ಡಾಯ. ಟೂತ್‌ಪೇಸ್ಟೂ ಅದರೊಳಗೇ ಹೋಗಬೇಕು. ಕರಡಿ ಎದುರಾದರೆ ಓಡಬೇಡಿ, ಮರ ಹತ್ತಬೇಡಿ, ಅದು ನಿಮಗಿಂತ ಚೆನ್ನಾಗಿ ಹತ್ತುತ್ತದೆ. ದೊಡ್ಡ ದನಿಯಲ್ಲಿ ಗದರುತ್ತಾ ಹಿಂದೆ ಸರಿಯಿರಿ. ಹಾವಿಗೆ ಒಂದೇ ಮಾತು: ಕಾಣದ ಕಲ್ಲುಸಂದಿಗೆ ಕೈ ಹಾಕಬೇಡಿ.

ನಾನು ಹೆದರುವುದು ಉಣುಗಿಗೆ. ಶಿವಮೊಗ್ಗ ಕಡೆಯವರಿಗೆ ಉಣುಗು ಎಂದರೆ ವಿವರಿಸಬೇಕಾಗಿಲ್ಲ, 1957ರ ಕ್ಯಾಸನೂರಿನಿಂದ ಮಂಗನ ಕಾಯಿಲೆ ನೋಡಿದ ಸೀಮೆ ಅದು. ಇಲ್ಲಿಯ ಕಪ್ಪುಗಾಲಿನ ಉಣುಗು ತರುವುದು ಲೈಮ್ ಕಾಯಿಲೆ. ಮರಿ ಉಣುಗು ಗಸಗಸೆ ಕಾಳಿನಷ್ಟಿರುತ್ತದೆ. ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಕಚ್ಚಿಕೊಂಡಿದ್ದರೆ ಮಾತ್ರ ಸೋಂಕು ದಾಟುತ್ತದೆ. ಆದ್ದರಿಂದ ಪ್ರತಿ ಸಂಜೆ ಮಂಡಿಯ ಹಿಂದೆ, ತೊಡೆಸಂದಿ, ಕಂಕುಳು, ಸೊಂಟದ ಪಟ್ಟಿಯ ಅಡಿ, ಕಿವಿಯ ಹಿಂದೆ ಬೆರಳಾಡಿಸಿ ನೋಡಬೇಕು. ಸಿಕ್ಕರೆ ಚೂಪು ಚಿಮಟದಿಂದ ಚರ್ಮಕ್ಕೆ ಅಂಟಿದ ಕಡೆ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಬೆಂಕಿಕಡ್ಡಿ, ಎಣ್ಣೆ, ಸುಣ್ಣ ಏನೂ ಬೇಡ. ಬಟ್ಟೆ, ಶೂಗಳಿಗೆ ಶೇಕಡಾ ಅರ್ಧದ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಒಣಗಿಸಿದರೆ ಸುಮಾರು ಆರು ವಾರ, ಇಲ್ಲವೇ ಆರು ಒಗೆತದವರೆಗೆ ಕೆಲಸ ಮಾಡುತ್ತದೆ. ಮೀನಿಗೆ ಅದು ವಿಷ, ಆ ಬಟ್ಟೆಯನ್ನು ಹಳ್ಳದಲ್ಲಿ ಒಗೆಯಬೇಡಿ. ಕಚ್ಚಿದ ಜಾಗದ ಸುತ್ತ ಕೆಂಪು ಹರಡಿದರೆ, ಜ್ವರ, ಕೀಲುನೋವು ಬಂದರೆ ನಡಿಗೆಯ ಸುಸ್ತು ಎಂದು ತಳ್ಳಿಹಾಕದೆ ವೈದ್ಯರನ್ನು ಕಾಣಿ.

ದಾರಿ ತಪ್ಪುವುದು. ಮರಗಳ ಮೇಲೆ ಎರಡು ಇಂಚು ಅಗಲ, ಆರು ಇಂಚು ಉದ್ದದ ಬಿಳಿ ಪಟ್ಟೆಗಳಿವೆ. ಒಂದರ ಮೇಲೊಂದು ಎರಡು ಪಟ್ಟೆ ಇದ್ದರೆ ತಿರುವು ಇದೆ ಎಂದು. ನೀಲಿ ಪಟ್ಟೆ ನೀರಿಗೋ ತಂಗುದಾಣಕ್ಕೋ ಹೋಗುವ ಕವಲು. ಪಟ್ಟೆಗಳು ಎರಡೂ ದಿಕ್ಕಿಗೆ ಇರುವುದರಿಂದ ಹೊಸಬರು ವಿಶ್ರಾಂತಿ ಮುಗಿಸಿ ಎದ್ದು, ಬಂದ ದಾರಿಯಲ್ಲೇ ಗಂಟೆಗಟ್ಟಲೆ ವಾಪಸ್ ನಡೆಯುವುದುಂಟು. ಕೂರುವಾಗ ಊರುಗೋಲಿನ ಮೊನೆ ಮುಂದಿನ ದಿಕ್ಕಿಗೆ ಮಾಡಿ ಮಲಗಿಸಿದರೆ ಮುಗಿಯಿತು. ಫೋನಿನ ಮ್ಯಾಪು ಒಳ್ಳೆಯದೇ, ಏರೋಪ್ಲೇನ್ ಮೋಡಿನಲ್ಲಿಟ್ಟರೆ ದಿನಗಟ್ಟಲೆ ಬರುತ್ತದೆ, ಜೊತೆಗೆ ಕಾಗದದ ನಕ್ಷೆ ಇರಲಿ. 2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತ ದಕ್ಷಿಣ ಭಾಗದಲ್ಲಿ ಮರಗಳನ್ನು ಉರುಳಿಸಿ, ಸೇತುವೆ ಕೊಚ್ಚಿಕೊಂಡು ಹೋದ ಮೇಲೆ ಹಳೇ ನಕ್ಷೆಯೊಂದನ್ನೇ ನಂಬುವಂತಿಲ್ಲ. ಹಾದಿಯ ಸಂರಕ್ಷಣಾ ಸಂಸ್ಥೆಯ ಪ್ರಕಟಣೆಗಳನ್ನು ಹೊರಡುವ ಹಿಂದಿನ ದಿನ ನೋಡಿ.

2013ರ ಜುಲೈನಲ್ಲಿ ಮೇನ್ ಕಾಡಿನಲ್ಲಿ 66 ವರ್ಷದ ಮಹಿಳೆಯೊಬ್ಬರು ಶೌಚಕ್ಕೆಂದು ಹಾದಿ ಬಿಟ್ಟು ಹೋದವರು ಮರಳಿ ಹಾದಿ ಕಾಣಲಿಲ್ಲ. ಅಷ್ಟು ಹೊತ್ತಿಗೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ನಡೆದ ಅನುಭವ ಅವರಿಗಿತ್ತು. ಗಂಡನಿಗೆ ಕಳಿಸಿದ ಸಂದೇಶಗಳು ಸಿಗ್ನಲ್ ಇಲ್ಲದೆ ಹೋಗಲೇ ಇಲ್ಲ. ಸಿಗ್ನಲ್ ಹುಡುಕಿ ಎತ್ತರಕ್ಕೆ ಹತ್ತಿ, ದಟ್ಟ ಮರಗಳ ಅಡಿ ಟೆಂಟ್ ಹೊಡೆದು, ಅಲ್ಲಿ ವಾರಗಟ್ಟಲೆ ಬದುಕಿದ್ದರು. ಹುಡುಕಾಟ ನಡೆದೇ ಇತ್ತು. ಟೆಂಟ್ ಸಿಕ್ಕಿದ್ದು 2015ರ ಅಕ್ಟೋಬರಿನಲ್ಲಿ, ಹಾದಿಯಿಂದ ಮೂರು ಕಿಲೋಮೀಟರಿನ ಸುಮಾರಿನೊಳಗೆ. ಹಾದಿ ಬಿಡುವಾಗ ಬಣ್ಣದ ಬಟ್ಟೆಯೊಂದನ್ನು ಹಾದಿಯಂಚಿನ ಕೊಂಬೆಗೆ ಕಟ್ಟಿ ಹೋಗಿ, ಹೆಜ್ಜೆ ಎಣಿಸಿ, ಹೋಗುತ್ತಾ ಹಿಂದಿರುಗಿ ನೋಡಿ, ಬರುವಾಗ ಆ ಬಟ್ಟೆ ಬಿಚ್ಚಿಕೊಂಡು ಬನ್ನಿ. ಸೀಟಿ ಕೊರಳಲ್ಲಿರಲಿ, ಚೀಲದಲ್ಲಲ್ಲ. ತಪ್ಪಿದೆ ಎಂದು ಗೊತ್ತಾದ ಕ್ಷಣ ನಿಲ್ಲಿ. ಮೂರು ಮೂರು ಸಲ ಸೀಟಿ ಊದಿ. ರಾತ್ರಿಯಾದರೆ ಮೇಲಿನಿಂದ ಕಾಣುವ ಬಯಲಿನಲ್ಲಿ ಟೆಂಟ್ ಹೊಡೆಯಿರಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ನೂರು ಗ್ರಾಂನ ಸಾಧನ ಈಗ ಸಿಗುತ್ತದೆ, ಅದನ್ನೂ ಮೈಮೇಲೇ ಇಟ್ಟುಕೊಳ್ಳಿ.

ಉತ್ತರದ ತುದಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಅಲ್ಲಿಗೆ ಮುಟ್ಟಿದವರು ಆ ಹೊತ್ತಿಗೆ ಹೊಸಬರಾಗಿರುವುದಿಲ್ಲ. ಮಾನ್ಸನ್ ಊರು ದಾಟಿದ ಮೇಲೆ ನೂರು ಮೈಲಿ ಕಾಡು, ಹತ್ತು ದಿನದ ಸಾಮಾನಿಲ್ಲದೆ ಹೋಗಬೇಡಿ ಎಂಬ ಫಲಕವೇ ಇದೆ. ಸೇತುವೆಯಿಲ್ಲದ ಹೊಳೆ ದಾಟುವಾಗ ಶೂ ತೆಗೆಯಬೇಡಿ, ಸೊಂಟ ಮತ್ತು ಎದೆಯ ಪಟ್ಟಿ ಬಿಚ್ಚಿಕೊಂಡಿರಿ. ಬಿದ್ದರೆ ಚೀಲ ಕಳಚಿ ಬರಬೇಕು. ರಭಸದ ನೀರು ಮಂಡಿ ಮೀರಿದ್ದರೆ ಇಳಿಯುವವರೆಗೆ ಕಾಯಿರಿ. ಕೆನೆಬೆಕ್ ನದಿಯನ್ನಂತೂ ಕಾಲ್ನಡಿಗೆಯಲ್ಲಿ ದಾಟಲೇಬಾರದು. ಮೇಲಿನ ಅಣೆಕಟ್ಟಿನಿಂದ ಹೇಳದೆ ಕೇಳದೆ ನೀರು ಬಿಡುತ್ತಾರೆ. ಅಲ್ಲಿ ದೋಣಿಯೇ ಅಧಿಕೃತ ಹಾದಿ, ದೋಣಿಯ ತಳದಲ್ಲೇ ಬಿಳಿ ಪಟ್ಟೆ ಬಳಿದಿದ್ದಾರೆ.

ಆರು ತಿಂಗಳ ರಜೆ ನಿಮ್ಮಲ್ಲಿ ಹೆಚ್ಚಿನವರಿಗೆ ಸಿಗುವುದಿಲ್ಲ. ತುಂಡುತುಂಡಾಗಿ ವರ್ಷಗಟ್ಟಲೆ ನಡೆದು ಮುಗಿಸಿದವರಿಗೂ ಸಂರಕ್ಷಣಾ ಸಂಸ್ಥೆ ಅದೇ ಮಾನ್ಯತೆ ಕೊಡುತ್ತದೆ. ಮೊದಲ ತುಂಡಿಗೆ ಜಾರ್ಜಿಯಾ ಬೇಡ, ವರ್ಜೀನಿಯಾದ ಶೆನಂಡೋವಾ ರಾಷ್ಟ್ರೀಯ ಉದ್ಯಾನ ನೋಡಿ. ಸುಮಾರು 160 ಕಿಲೋಮೀಟರ್, ಏರಿಳಿತ ಸೌಮ್ಯ, ಸ್ಕೈಲೈನ್ ಡ್ರೈವ್ ರಸ್ತೆ ಮತ್ತೆ ಮತ್ತೆ ಅಡ್ಡ ಬರುವುದರಿಂದ ಆಗದಿದ್ದರೆ ಹೊರಬರಬಹುದು. ರಾತ್ರಿ ತಂಗಲು ಪರವಾನಗಿ ಬೇಕು. ಮೂರು ರಾತ್ರಿಯ ಯೋಜನೆ ಮಾಡಿ, ಸಾಧ್ಯವಾದರೆ ಮಳೆಯ ಮುನ್ಸೂಚನೆ ಇರುವ ವಾರವನ್ನೇ ಆರಿಸಿಕೊಳ್ಳಿ.

ಹೊರಡುವ ಮೊದಲು ಮನೆಯಲ್ಲಿ ಒಂದು ಹಾಳೆ ಬರೆದಿಟ್ಟು ಹೋಗಿ. ಎಲ್ಲಿ ಹಾದಿ ಸೇರುತ್ತೀರಿ, ಯಾವ ರಾತ್ರಿ ಎಲ್ಲಿ ತಂಗುತ್ತೀರಿ, ಎಲ್ಲಿ ಹೊರಬರುತ್ತೀರಿ, ಕಾರು ನಿಲ್ಲಿಸಿದ ಜಾಗ, ಅದರ ನಂಬರು, ಟೆಂಟ್ ಮತ್ತು ಮಳೆಕೋಟಿನ ಬಣ್ಣ, ಶೂ ಅಚ್ಚಿನ ಒಂದು ಫೋಟೋ, ನೀವು ತೆಗೆದುಕೊಳ್ಳುವ ಔಷಧಿ, ಉದ್ಯಾನದ ತುರ್ತು ನಂಬರು. ಕೊನೆಯಲ್ಲಿ, ಯಾವ ದಿನ ಎಷ್ಟು ಗಂಟೆಯೊಳಗೆ ನಿಮ್ಮ ಫೋನ್ ಬರದಿದ್ದರೆ ಆ ನಂಬರಿಗೆ ಕರೆ ಮಾಡಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. "ಸಂಜೆ ಹೊತ್ತಿಗೆ" ಎಂದು ಬರೆದರೆ ಮನೆಯವರು ಬೆಳಗಿನ ತನಕ ಕಾಯುತ್ತಾರೆ. ರಾತ್ರಿ 8 ಎಂದು ಬರೆಯಿರಿ.